ರೋಗಿಗಳ ಡೇಟಾ ಸಂಶೋಧಕರಿಗೆ ಕೊಡುವ ಮುನ್ನ: ಹೆಸರು ಅಳಿಸಿದ ಮೇಲೂ ಉಳಿಯುವ ಕೆಲಸ

ಸಂಶೋಧಕರಿಂದ ಒಂದು ಮೇಲ್ ಬರುತ್ತದೆ. "ಕಳೆದ ಐದು ವರ್ಷದ ಡಯಾಬಿಟಿಸ್ ರೋಗಿಗಳ ಡೇಟಾ ಬೇಕಿತ್ತು, ಹೆಸರು ತೆಗೆದು ಕೊಟ್ಟರೆ ಸಾಕು." ಕೇಳುವವರ ಉದ್ದೇಶ ಒಳ್ಳೆಯದೇ. ಕೊಡುವವರಿಗೂ ಮನಸ್ಸಿದೆ. ಯಾರೋ ಒಬ್ಬರು ಎಕ್ಸೆಲ್ ತೆರೆದು ಹೆಸರು ಮತ್ತು ಫೋನ್ ನಂಬರ್ ಕಾಲಂ ಡಿಲೀಟ್ ಮಾಡಿ, ಫೈಲ್ ಅಟ್ಯಾಚ್ ಮಾಡಿ ಕಳಿಸಿಬಿಡುತ್ತಾರೆ. ಎಡವಟ್ಟು ಶುರುವಾಗುವುದೇ ಇಲ್ಲಿ.

ಹೆಸರು ತೆಗೆಯುವುದು ಈ ಕೆಲಸದಲ್ಲಿ ಅತಿ ಸುಲಭದ ಭಾಗ. ಉಳಿದ ಕಾಲಂಗಳು ಒಟ್ಟಿಗೆ ಸೇರಿ ಏನು ಹೇಳುತ್ತವೆ ಅನ್ನುವುದು ಅಸಲಿ ತಲೆನೋವು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಒಂದಿದೆ, ಹಳೆಯದಾದರೂ ಇವತ್ತಿಗೂ ಅದಕ್ಕಿಂತ ಚೆನ್ನಾಗಿ ವಿಷಯ ತಿಳಿಸುವುದು ಸಿಕ್ಕಿಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅದೇ ಊರಿನವರು. ಅವರು ಹುಟ್ಟಿದ ದಿನಾಂಕದಲ್ಲೇ ಹುಟ್ಟಿದವರು ಪಟ್ಟಿಯಲ್ಲಿ 6 ಜನ. ಅದರಲ್ಲಿ ಗಂಡಸರು 3. ಅವರ ಅಂಚೆ ಕೋಡ್‌ನಲ್ಲಿ ಇದ್ದದ್ದು ಒಬ್ಬರೇ. ಅಲ್ಲಿಗೆ ಗವರ್ನರ್ ಅವರ ಆಸ್ಪತ್ರೆ ದಾಖಲೆ ಸಿಕ್ಕಿತು. ಹ್ಯಾಕಿಂಗ್ ಏನೂ ಇಲ್ಲ, ಎರಡು ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡಿದ್ದಷ್ಟೇ.

ಹುಟ್ಟಿದ ದಿನಾಂಕ, ಲಿಂಗ, ಅಂಚೆ ಕೋಡ್ ಈ ಮೂರೇ ಇದ್ದರೆ ಅಮೆರಿಕದ 87% ಜನರನ್ನು ಗುರುತಿಸಬಹುದು ಅಂತ ಸ್ವೀನಿ ಆಮೇಲೆ ಲೆಕ್ಕ ಹಾಕಿದರು. 2006ರಲ್ಲಿ ಬೇರೆಯವರು ಮಾಡಿದ ಲೆಕ್ಕದಲ್ಲಿ ಅದು 63%ಗೆ ಇಳಿಯಿತು. ಇಳಿದರೂ ಅರ್ಧಕ್ಕಿಂತ ಜಾಸ್ತಿಯೇ ಅಲ್ವಾ?

ಹಾಗಂತ ಡೇಟಾ ಕೊಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಬಾಗಿಲು ಹಾಕಿ ಕೂತರೆ ಯಾವ ಔಷಧಿ ಯಾರಿಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುವುದೇ ಇಲ್ಲ. ಕೇಳಿದ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟು ಮಾತ್ರ ಕೊಡಿ, ಆ ಅಷ್ಟನ್ನೂ ನೀವೇ ಕಣ್ಣಿಟ್ಟು ಪರೀಕ್ಷಿಸಿ ಕೊಡಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ವಿವರಗಳು.

ಹಂತ 1: ಫೈಲ್ ತೆರೆಯುವ ಮುಂಚೆ ಪ್ರಶ್ನೆ ಕೇಳಿ

"ಎಲ್ಲ ಡೇಟಾ ಕೊಡಿ, ಏನು ಬೇಕೋ ನಾವು ನೋಡಿಕೊಳ್ಳುತ್ತೇವೆ" ಅಂದರೆ ಒಪ್ಪಬೇಡಿ. ನಿಮ್ಮ ಸಂಶೋಧನೆಯ ಪ್ರಶ್ನೆ ಏನು ಅಂತ ಒಂದೆರಡು ವಾಕ್ಯದಲ್ಲಿ ಬರೆದು ಕಳಿಸಿ ಅನ್ನಿ. ಬೇಕಾದ ಕಾಲಂಗಳ ಪಟ್ಟಿ ಕೇಳಿ. ಪ್ರತಿ ಕಾಲಂ ಮುಂದೆ "ಇದು ಯಾಕೆ ಬೇಕು" ಅನ್ನುವುದಕ್ಕೂ ಒಂದು ಸಾಲು ಬೇಕು.

ಈ ಒಂದು ಸಾಲು ಬರೆಸುವುದರಿಂದಲೇ ಅರ್ಧ ಅಪಾಯ ಕಡಿಮೆಯಾಗುತ್ತದೆ. ಹುಟ್ಟಿದ ದಿನಾಂಕ ಕೇಳಿದವರಿಗೆ ಬೇಕಿರುವುದು ವಯಸ್ಸು. ವಿಳಾಸ ಕೇಳಿದವರಿಗೆ ಬೇಕಿರುವುದು ಹಳ್ಳಿಯೋ ಪೇಟೆಯೋ ಅನ್ನುವುದು. ದಾಖಲಾದ ದಿನ, ಬಿಡುಗಡೆಯಾದ ದಿನ ಎರಡೂ ಕೇಳಿದವರಿಗೆ ಬೇಕಿರುವುದು ಎಷ್ಟು ದಿನ ಇದ್ದರು ಅನ್ನುವ ಒಂದೇ ಅಂಕಿ. ಆ ಅಂಕಿಯನ್ನು ನೀವೇ ಲೆಕ್ಕ ಹಾಕಿ ಕೊಡಿ, ಮೂಲ ಕಾಲಂ ನಿಮ್ಮ ಹತ್ತಿರವೇ ಇರಲಿ.

ಇನ್ನೂ ಒಂದು ಕೇಳಬೇಕು: ಒಬ್ಬೊಬ್ಬ ರೋಗಿಯ ಸಾಲು ಬೇಕೇ ಬೇಕಾ, ಒಟ್ಟು ಲೆಕ್ಕದ ಕೋಷ್ಟಕ ಸಾಲದಾ? ಎಷ್ಟೋ ಸಲ ಕೋಷ್ಟಕವೇ ಸಾಕಾಗುತ್ತದೆ. ಪ್ರೋಗ್ರಾಂ ಬರೆದು ಪರೀಕ್ಷಿಸುವುದಕ್ಕೆ ಅಂತಾದರೆ ನಕಲಿ ಡೇಟಾ ಸಾಕು. ಸಿಂಥಿಯಾ ಅನ್ನುವ ಉಚಿತ ತಂತ್ರಾಂಶ ಕಾಲ್ಪನಿಕ ರೋಗಿಗಳ ದಾಖಲೆಗಳನ್ನೇ ತಯಾರಿಸಿ ಕೊಡುತ್ತದೆ. ನಿಜವಾದ ರೋಗಿಗಳ ದಾಖಲೆ ಕೊಟ್ಟು ಕಲಿಸಿದ ಎಐ ಮಾದರಿಯಿಂದ ಬರುವ ನಕಲಿ ಡೇಟಾ ಬೇರೆ ವಿಷಯ. ಅಪರೂಪದ ರೋಗಿ ಅದರೊಳಗೆ ಹೆಚ್ಚುಕಡಿಮೆ ಹಾಗೇ ಹೊರಗೆ ಬಂದುಬಿಡಬಹುದು, ಅದನ್ನೂ ಪರೀಕ್ಷೆ ಮಾಡಿಯೇ ಕೊಡಬೇಕು.

ಹಂತ 2: ಒಪ್ಪಿಗೆ ಮತ್ತು ಕಾನೂನು

ರೋಗಿಗಳು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಏನಿದೆ ನೋಡಿ. ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಸಂಶೋಧನೆಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿಯ, ಅನುಮತಿ ಪತ್ರದಲ್ಲಿ ಇರುವ ಕಾಲಂಗಳೂ ಈಗ ಕೇಳುತ್ತಿರುವ ಕಾಲಂಗಳೂ ಒಂದೇನಾ ಅಂತ ಪಕ್ಕದಲ್ಲಿಟ್ಟು ತಾಳೆ ನೋಡಿ. ಅನುಮತಿ ಸಿಕ್ಕಿದ ಮೇಲೆ ಪಟ್ಟಿ ಸುಮ್ನೆ ಬೆಳೆಯುತ್ತಾ ಹೋಗುವುದು ಮಾಮೂಲಿ.

ಕಾನೂನು ದೇಶಕ್ಕೊಂದು ಥರ. ರೋಗಿಗಳ ಮಾಹಿತಿ ಕಾಪಾಡುವ ಅಮೆರಿಕದ ಹಿಪಾ ನಿಯಮದಲ್ಲಿ ಎರಡು ದಾರಿ ಇವೆ. ಒಂದು, 18 ಬಗೆಯ ಗುರುತುಗಳನ್ನು ತೆಗೆಯುವುದು. ಇನ್ನೊಂದು, ಗುರುತು ಸಿಗುವ ಅಪಾಯ ತುಂಬ ಕಡಿಮೆ ಇದೆ ಅಂತ ಪರಿಣತರೊಬ್ಬರು ಲೆಕ್ಕ ಹಾಕಿ ಬರೆದುಕೊಡುವುದು. ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ಹೆಚ್ಚು ಬಿಗಿ. ಹೆಸರಿನ ಬದಲು ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾರದ್ದು ಅನ್ನುವ ಕೀಲಿ ನಿಮ್ಮ ಹತ್ತಿರ ಇಟ್ಟುಕೊಂಡರೆ, ನಿಮ್ಮ ಮಟ್ಟಿಗೆ ಅದು ಇನ್ನೂ ವೈಯಕ್ತಿಕ ಡೇಟಾನೇ. ನಿಮಗೆ ಯಾವುದು ಅನ್ವಯಿಸುತ್ತದೆ ಅನ್ನುವುದನ್ನು ನಿಮ್ಮ ಕಾನೂನು ವಿಭಾಗದಿಂದ ಬರಹದಲ್ಲಿ ತರಿಸಿಕೊಳ್ಳಿ. ನಾನು ಮುಂದೆ ಹೇಳುವುದು ಕೈಕೆಲಸ. ಅದು ಎಲ್ಲಿದ್ದರೂ ಒಂದೇ.

ಹಂತ 3: ಕಾಲಂಗಳನ್ನು ಮೂರು ರಾಶಿ ಮಾಡಿ

ಮೊದಲ ರಾಶಿ, ನೇರವಾಗಿ ವ್ಯಕ್ತಿಯನ್ನು ತೋರಿಸುವವು: ಹೆಸರು, ವಿಳಾಸ, ಫೋನ್, ಇಮೇಲ್, ಆಸ್ಪತ್ರೆಯ ರೋಗಿ ಸಂಖ್ಯೆ, ವಿಮೆ ಸಂಖ್ಯೆ, ಸರ್ಕಾರಿ ಗುರುತಿನ ಸಂಖ್ಯೆ, ಫೋಟೋ, ಬೆರಳಚ್ಚು. ಇವು ಹೋಗಲೇಬೇಕು. ಪೇಸ್‌ಮೇಕರ್‌ನಂಥ ಸಾಧನದ ಸೀರಿಯಲ್ ನಂಬರ್ ಕೂಡ ಇದೇ ರಾಶಿಗೆ ಸೇರಿದ್ದು. ಇದನ್ನು ಮರೆಯುವವರು ಬಹಳ.

ಎರಡನೆಯದು, ಒಂದೊಂದೇ ನೋಡಿದರೆ ಏನೂ ಅನ್ನಿಸದೆ ಒಟ್ಟಿಗೆ ಸೇರಿದಾಗ ಬೆರಳು ಮಾಡಿ ತೋರಿಸುವವು: ವಯಸ್ಸು, ಲಿಂಗ, ಊರು, ಉದ್ಯೋಗ, ಮಾತೃಭಾಷೆ, ದಾಖಲಾದ ದಿನ, ಹೆರಿಗೆಯ ದಿನ, ಮಕ್ಕಳ ಸಂಖ್ಯೆ, ಎತ್ತರ. ಯಾವುದನ್ನು ಈ ರಾಶಿಗೆ ಹಾಕಬೇಕು ಅಂತ ಗೊತ್ತಾಗದಿದ್ದರೆ, ಪಕ್ಕದ ಮನೆಯವರಿಗೆ ಇದು ಗೊತ್ತಿರುತ್ತದಾ ಅಂತ ಕೇಳಿಕೊಳ್ಳಿ. ಗೊತ್ತಿದ್ದರೆ ಇಲ್ಲಿಗೆ.

ಮೂರನೆಯದು, ಹೊರಗೆ ಯಾರಿಗೂ ಗೊತ್ತಿಲ್ಲದ ಒಳಗಿನ ವಿಷಯ: ರಕ್ತದ ಸಕ್ಕರೆ, ಎಚ್‌ಐವಿ ಫಲಿತಾಂಶ, ಮಾನಸಿಕ ಆರೋಗ್ಯದ ಟಿಪ್ಪಣಿ. ಸಂಶೋಧಕರಿಗೆ ಬೇಕಾಗಿರುವುದೂ ಇದೇ, ಹೊರಗೆ ಹೋದರೆ ರೋಗಿಗೆ ನೋವಾಗುವುದೂ ಇದರಿಂದಲೇ. ಹಾಗಾಗಿ ಕತ್ತರಿ ಆಡಿಸುವುದು ಎರಡನೆಯ ರಾಶಿಯ ಮೇಲೆ.

ರೋಗಿಗಳ ಬಗ್ಗೆ ಮಾತ್ರ ಯೋಚಿಸಿ ವೈದ್ಯರನ್ನು ಮರೆಯಬೇಡಿ. ಆಸ್ಟ್ರೇಲಿಯಾದ ಆರೋಗ್ಯ ಇಲಾಖೆ 2016ರಲ್ಲಿ ಸುಮಾರು 29 ಲಕ್ಷ ಜನರ ಚಿಕಿತ್ಸೆಯ ಬಿಲ್ ದಾಖಲೆಗಳನ್ನು ಗುರುತು ಮರೆಸಿ ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮೊದಲು ಬಿಡಿಸಿದ್ದು ವೈದ್ಯರ ಸಂಕೇತ ಸಂಖ್ಯೆಗಳನ್ನು. ಇಲಾಖೆ ತಕ್ಷಣ ಡೇಟಾ ಹಿಂದಕ್ಕೆ ತೆಗೆದುಕೊಂಡಿತು. ಆದರೆ ಡೌನ್‌ಲೋಡ್ ಆಗಿ ಹೋದದ್ದು ಹೋದಂತೆಯೇ. 2017ರ ಕೊನೆಯಲ್ಲಿ ಅದೇ ತಂಡ, ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯಂಥ ಹೊರಗೆ ಗೊತ್ತಿರುವ ಸಂಗತಿಗಳನ್ನು ಹಿಡಿದು ರೋಗಿಗಳನ್ನೂ ಗುರುತಿಸಬಹುದು ಅಂತ ತೋರಿಸಿತು.

ಹಂತ 4: ರೋಗಿ ಸಂಖ್ಯೆಗೆ ಬದಲಿ ಸಂಖ್ಯೆ

ಒಬ್ಬ ರೋಗಿಯ ಹಲವು ಭೇಟಿಗಳನ್ನು ಜೋಡಿಸಬೇಕಾದರೆ ಏನಾದರೂ ಒಂದು ಗುರುತು ಬೇಕು. ಇಲ್ಲಿ ಬಹಳ ಜನ ಮಾಡುವುದು, ರೋಗಿ ಸಂಖ್ಯೆಯನ್ನೋ ಫೋನ್ ನಂಬರನ್ನೋ ಹ್ಯಾಶ್ ಮಾಡಿಬಿಡುವುದು, ಅಂದರೆ ಒಂದು ಗಣಿತ ಸೂತ್ರಕ್ಕೆ ಹಾಕಿ ಬೇರೆ ರೂಪಕ್ಕೆ ತಿರುಗಿಸುವುದು. ಉದ್ದದ ಅಕ್ಷರ ಸರಣಿ ಬಂದಿತು, ಯಾರಿಗೂ ಅರ್ಥವಾಗುವುದಿಲ್ಲ ಅಂತ ನೆಮ್ಮದಿ.

ಆ ನೆಮ್ಮದಿ ಸುಳ್ಳು. 10 ಅಂಕಿಯ ಫೋನ್ ನಂಬರ್ ಅಂದರೆ ಹೆಚ್ಚೆಂದರೆ 1000 ಕೋಟಿ ಸಾಧ್ಯತೆ. ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ನಿಮಿಷಗಳ ಕೆಲಸ. 8 ಅಂಕಿಯ ರೋಗಿ ಸಂಖ್ಯೆ ಇನ್ನೂ ಸುಲಭ. 2014ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಪ್ರಯಾಣಗಳ ಡೇಟಾದಲ್ಲಿ ಆದದ್ದು ಇದೇ. ಟ್ಯಾಕ್ಸಿ ಸಂಖ್ಯೆಗಳನ್ನು ಎಂಡಿ5 ಅನ್ನುವ ಸೂತ್ರದಿಂದ ಹ್ಯಾಶ್ ಮಾಡಿ ಕೊಟ್ಟಿದ್ದರು, ಹೊರಗಿನವರು ಸಲೀಸಾಗಿ ಬಿಡಿಸಿದರು.

ಸರಿಯಾದ ದಾರಿ ಸರಳ. ಪ್ರತಿ ರೋಗಿಗೂ ಯಾದೃಚ್ಛಿಕವಾದ, ಅಂದರೆ ಯಾವ ಲೆಕ್ಕಕ್ಕೂ ಸಿಗದ ಹೊಸ ಸಂಖ್ಯೆ ಕೊಡಿ. ಹಳೆ ಸಂಖ್ಯೆ ಮತ್ತು ಹೊಸ ಸಂಖ್ಯೆಯ ಜೋಡಿ ಪಟ್ಟಿಯನ್ನು ಬೇರೆ ಕಂಪ್ಯೂಟರಿನಲ್ಲಿ, ಬೇರೆಯವರ ಸುಪರ್ದಿಯಲ್ಲಿ, ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಮಾಡಿ ಇಡಿ. ರೋಗಿ ಮುಂದೊಂದು ದಿನ ಒಪ್ಪಿಗೆ ಹಿಂತೆಗೆದುಕೊಂಡರೆ ಆ ಪಟ್ಟಿ ಬೇಕಾಗುತ್ತದೆ. ಹೊಸ ಸಂಖ್ಯೆ ಕೊಡುವ ಮುಂಚೆ ಸಾಲುಗಳನ್ನು ಕಲಸಿ. ಮೂಲ ಫೈಲ್ ದಾಖಲಾತಿಯ ಕ್ರಮದಲ್ಲೇ ಇದ್ದು ನೀವು 1, 2, 3 ಅಂತ ಕೊಟ್ಟುಕೊಂಡು ಹೋದರೆ ಯಾರು ಮೊದಲು ಬಂದರು ಅನ್ನುವುದು ಹಾಗೇ ಉಳಿದಿರುತ್ತದೆ.

ಬೇರೆ ಬೇರೆ ಸಂಶೋಧನೆಗೆ ಬೇರೆ ಬೇರೆ ಸಂಖ್ಯೆ ಕೊಡಬೇಕು. ಇಲ್ಲದಿದ್ದರೆ ಒಂದು ತಂಡಕ್ಕೆ ಕೊಟ್ಟ ವಯಸ್ಸು, ಇನ್ನೊಂದು ತಂಡಕ್ಕೆ ಕೊಟ್ಟ ಊರು ಎರಡೂ ಒಂದು ದಿನ ಕೂಡಿಕೊಳ್ಳುತ್ತವೆ.

ಹಂತ 5: ದಿನಾಂಕಗಳು

ನನ್ನ ಅಭಿಪ್ರಾಯದಲ್ಲಿ ಹೆಸರಿನ ನಂತರ ಅತಿ ಅಪಾಯದ ಕಾಲಂ ಇದು. ಅಪಘಾತದ ಸುದ್ದಿ, ಸಾವಿನ ಜಾಹೀರಾತು, ಮಗು ಹುಟ್ಟಿದ ಖುಷಿಯ ಪೋಸ್ಟ್, ಎಲ್ಲದರಲ್ಲೂ ದಿನಾಂಕ ಇರುತ್ತದೆ. ಹಿಪಾದ 18ರ ಪಟ್ಟಿಯ ಪ್ರಕಾರ ಹೋದರೆ ಇಸವಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೋಗಬೇಕು.

ಆದರೆ ಎಷ್ಟೋ ಸಂಶೋಧನೆಗೆ ದಿನಗಳ ನಡುವಿನ ಅಂತರ ಬೇಕಾಗುತ್ತದೆ. ಅದಕ್ಕೆ ಎರಡು ಉಪಾಯ. ಮೊದಲನೆಯದು, ಮೊದಲ ಭೇಟಿಯನ್ನು 0ನೇ ದಿನ ಅಂತ ಇಟ್ಟು ಉಳಿದದ್ದನ್ನು ದಿನಗಳ ಲೆಕ್ಕದಲ್ಲಿ ಕೊಡುವುದು: 0, 14, 45. ನನಗೆ ಇಷ್ಟವಾದದ್ದು ಇದೇ, ಯಾಕೆಂದರೆ ಇದರಲ್ಲಿ ಗೊಂದಲವೇ ಇಲ್ಲ. ಎರಡನೆಯದು, ದಿನಾಂಕ ಸರಿಸುವುದು. ಪ್ರತಿ ರೋಗಿಗೂ ಒಂದು ಗುಟ್ಟಿನ ಅಂಕಿ ಆರಿಸಿ, ಆ ರೋಗಿಯ ಎಲ್ಲ ದಿನಾಂಕವನ್ನೂ ಅಷ್ಟೇ ದಿನ ಹಿಂದಕ್ಕೋ ಮುಂದಕ್ಕೋ ತಳ್ಳುವುದು. ಸಂಶೋಧಕರಲ್ಲಿ ಬಹಳ ಬಳಕೆಯಲ್ಲಿರುವ ಮಿಮಿಕ್ ಅನ್ನುವ ಐಸಿಯು ಡೇಟಾದಲ್ಲಿ ರೋಗಿಗಳು 2100ರ ನಂತರದ ಇಸವಿಗಳಲ್ಲಿ ದಾಖಲಾಗಿರುತ್ತಾರೆ, ಕಾರಣ ಇದೇ. ವಾರದ ದಿನ ಮುಖ್ಯವಾದರೆ 7ರ ಗುಣಕಗಳಲ್ಲಿ ಸರಿಸಿ, ಸೋಮವಾರ ಸೋಮವಾರವಾಗಿಯೇ ಉಳಿಯುತ್ತದೆ.

ಸರಿಸಿದ ಮೇಲೂ ಮೂರು ಕಡೆ ನಿಜವಾದ ದಿನಾಂಕ ಇಣುಕುತ್ತದೆ. ಪ್ರಯೋಗಾಲಯದ ಸ್ಯಾಂಪಲ್ ಸಂಖ್ಯೆಯಲ್ಲಿ ದಿನಾಂಕವೇ ಸೇರಿರುವುದುಂಟು, ಉದಾಹರಣೆಗೆ 230714 ಅಂತ ಶುರುವಾಗುವ ಸಂಖ್ಯೆ, ಅಂದರೆ 2023ರ ಜುಲೈ 14. ಕೊಟ್ಟ ಚಿಕಿತ್ಸೆಯೂ ಕಾಲ ಹೇಳುತ್ತದೆ. ಕೋವಿಡ್ ಪರೀಕ್ಷೆ ಪಾಸಿಟಿವ್ ಅಂತಿದ್ದರೆ ಅದು 2019ಕ್ಕಿಂತ ಹಿಂದಿನದ್ದಂತೂ ಅಲ್ಲ. ಇನ್ನು ದಾಖಲೆ ಸೇವ್ ಆದ ಸಮಯ ಅಂತ ಸಾಫ್ಟ್‌ವೇರ್ ತಾನೇ ಬರೆದಿಟ್ಟ ಕಾಲಂ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಹುಡುಕಿ ತೆಗೆಯಿರಿ.

ಹಂತ 6: ವಯಸ್ಸು, ಊರು, ಅಪರೂಪದ ಸಂಗತಿಗಳು

ವಯಸ್ಸನ್ನು ಐದು ಅಥವಾ ಹತ್ತು ವರ್ಷದ ಗುಂಪು ಮಾಡಿ. 90 ಮತ್ತು ಮೇಲ್ಪಟ್ಟವರನ್ನೆಲ್ಲ ಒಂದೇ ಗುಂಪಿಗೆ ಹಾಕಿ. ಊರನ್ನು ಜಿಲ್ಲೆ ಮಟ್ಟಕ್ಕೆ ಏರಿಸಿ. ಹಿಪಾದಲ್ಲಿ ಅಂಚೆ ಕೋಡ್‌ನ ಮೊದಲ ಮೂರು ಅಂಕಿ ಇಟ್ಟುಕೊಳ್ಳಲು ಅವಕಾಶವಿದೆ, ಆದರೆ ಆ ಮೂರು ಅಂಕಿಯ ಪ್ರದೇಶದಲ್ಲಿ 20,000ಕ್ಕಿಂತ ಜಾಸ್ತಿ ಜನ ಇರಬೇಕು. ಈ ಯೋಚನೆಯನ್ನು ಎಲ್ಲಿ ಬೇಕಾದರೂ ಬಳಸಬಹುದು.

ಅಪರೂಪದ್ದನ್ನು ಹುಡುಕುವುದಕ್ಕೆ ಪ್ರತಿ ಕಾಲಂನ ಎರಡು ತುದಿ ನೋಡಿ. ಅತಿ ಹೆಚ್ಚು ತೂಕ, ಅತಿ ಚಿಕ್ಕ ವಯಸ್ಸಿನ ತಾಯಿ, ತ್ರಿವಳಿ ಮಕ್ಕಳು, ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ. ಇಂಥವರನ್ನು "180 ಕೆಜಿಗಿಂತ ಹೆಚ್ಚು" ಅನ್ನುವ ಥರದ ಗುಂಪಿಗೆ ಸೇರಿಸಿ, ಇಲ್ಲವೇ ಆ ಸಾಲನ್ನೇ ಬಿಡಿ. ಅಪರೂಪದ ಕಾಯಿಲೆಯ ಬಗ್ಗೆಯೇ ಸಂಶೋಧನೆ ನಡೆಯುತ್ತಿದ್ದರೆ ಈ ಉಪಾಯ ಕೆಲಸಕ್ಕೆ ಬಾರದು. ಆಗ ಡೇಟಾ ಹೊರಗೆ ಕಳಿಸುವ ಬದಲು ಅವರನ್ನೇ ಒಳಗೆ ಕರೆಯಬೇಕು, ಅದು ಹಂತ 10ರಲ್ಲಿದೆ.

ಹಂತ 7: ಎಣಿಸಿ ನೋಡಿ

ಇಲ್ಲಿಯವರೆಗೆ ಮಾಡಿದ್ದು ಸಾಕಾಯಿತಾ ಅಂತ ತಿಳಿಯುವುದು ಹೇಗೆ? ಎಣಿಸಬೇಕು. ಎರಡನೆಯ ರಾಶಿಯ ಕಾಲಂಗಳನ್ನಷ್ಟೇ ತೆಗೆದುಕೊಂಡು, ಒಂದೇ ಥರ ಇರುವ ಸಾಲುಗಳನ್ನು ಗುಂಪು ಮಾಡಿ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಸಾಕು, ಡೇಟಾಬೇಸ್ ಗೊತ್ತಿದ್ದವರಿಗೆ ಒಂದು ಗ್ರೂಪ್ ಬೈ.

ಒಂದು ಕಾಲ್ಪನಿಕ ಫೈಲ್ ಇಟ್ಟುಕೊಳ್ಳೋಣ. 1,200 ಸಾಲು. ಲಿಂಗ, ಐದು ವರ್ಷದ ವಯಸ್ಸಿನ ಗುಂಪು, ಜಿಲ್ಲೆ, ದಾಖಲಾದ ಇಸವಿ, ಈ ನಾಲ್ಕರ ಮೇಲೆ ಗುಂಪು ಮಾಡಿದರೆ ಹೀಗೆ ಬರುತ್ತದೆ: "ಗಂಡು, 60–64, ಮೊದಲ ಜಿಲ್ಲೆ, 2022" ಗುಂಪಿನಲ್ಲಿ 31 ಜನ. "ಹೆಣ್ಣು, 35–39, ಮೂರನೇ ಜಿಲ್ಲೆ, 2021" ಗುಂಪಿನಲ್ಲಿ ಒಬ್ಬರೇ. ಆ ಒಬ್ಬರನ್ನು ಗೊತ್ತಿರುವ ಯಾರಾದರೂ ಈ ಫೈಲ್ ನೋಡಿದರೆ ಅವರ ಇಡೀ ದಾಖಲೆ ಓದಿದಂತೆಯೇ. ಈಗ ವಯಸ್ಸಿನ ಗುಂಪನ್ನು ಹತ್ತು ವರ್ಷಕ್ಕೆ ಹಿಗ್ಗಿಸಿ ಮತ್ತೆ ಎಣಿಸಿ. 4 ಆಯಿತು. ಇಸವಿಯನ್ನು 2020–2022 ಅಂತ ಮಾಡಿ. 13 ಆಯಿತು. ಹೀಗೆ ಸಣ್ಣ ಗುಂಪುಗಳು ಮುಗಿಯುವ ತನಕ ಹಿಗ್ಗಿಸುತ್ತಾ ಹೋಗಬೇಕು. ಎಷ್ಟು ಹಿಗ್ಗಿಸಿದರೂ ಒಂಟಿಯಾಗಿ ಉಳಿಯುವ ಸಾಲುಗಳನ್ನು ತೆಗೆಯಬೇಕು, ಎಷ್ಟು ತೆಗೆದಿರಿ ಅಂತ ಸಂಶೋಧಕರಿಗೆ ಹೇಳಬೇಕು. ಇಲ್ಲದಿದ್ದರೆ ಅವರ ಲೆಕ್ಕ ವಾಲುತ್ತದೆ.

ಅತಿ ಚಿಕ್ಕ ಗುಂಪಿನಲ್ಲಿ ಎಷ್ಟು ಜನ ಇದ್ದಾರೋ ಅದಕ್ಕೆ ಕೆ ಅನ್ನುತ್ತಾರೆ, ಈ ವಿಧಾನಕ್ಕೆ ಕೆ-ಅನಾನಿಮಿಟಿ ಅಂತ ಹೆಸರು. ಕೆ ಎಷ್ಟಿರಬೇಕು? ಯುರೋಪಿನ ಔಷಧ ಸಂಸ್ಥೆ ಇಎಂಎ ಕ್ಲಿನಿಕಲ್ ವರದಿಗಳನ್ನು ಎಲ್ಲರಿಗೂ ಪ್ರಕಟಿಸುವಾಗ ಗುರುತು ಸಿಗುವ ಅಪಾಯಕ್ಕೆ 0.09 ಅನ್ನುವ ಮಿತಿ ಹೇಳುತ್ತದೆ, ಅಂದರೆ ಸುಮಾರು 11ರಲ್ಲಿ 1. ಸಾರ್ವಜನಿಕವಾಗಿ ಬಿಡುವುದಾದರೆ ನಾನೂ 11ಕ್ಕಿಂತ ಕೆಳಗೆ ಹೋಗಬೇಡಿ ಅನ್ನುತ್ತೇನೆ. ಒಪ್ಪಂದಕ್ಕೆ ಸಹಿ ಹಾಕಿದ ಒಂದು ತಂಡಕ್ಕೆ, ಕಾವಲಿರುವ ಜಾಗದಲ್ಲಿ ಕೊಡುವುದಾದರೆ 5 ನಡೆಯುತ್ತದೆ.

ಕೆ ಸರಿಯಿದ್ದರೂ ಒಂದು ತೂತು ಉಳಿಯುತ್ತದೆ. ಒಂದು ಗುಂಪಿನಲ್ಲಿ 12 ಜನ ಇದ್ದು, 12 ಜನರಿಗೂ ಎಚ್‌ಐವಿ ಪಾಸಿಟಿವ್ ಅಂತಿದ್ದರೆ? ಯಾವ ಸಾಲು ಯಾರದ್ದು ಅಂತ ಗೊತ್ತಾಗಬೇಕಾಗಿಯೇ ಇಲ್ಲ. ಆ ವ್ಯಕ್ತಿ ಗುಂಪಿನಲ್ಲಿದ್ದಾರೆ ಅಂತ ತಿಳಿದರೆ ಸಾಕು. ಹಾಗಾಗಿ ಪ್ರತಿ ಗುಂಪಿನೊಳಗೂ ಮೂರನೆಯ ರಾಶಿಯ ಕಾಲಂನಲ್ಲಿ ಬೇರೆ ಬೇರೆ ಉತ್ತರಗಳಿವೆಯಾ ನೋಡಬೇಕು. ಇದಕ್ಕೆಲ್ಲ ಎಆರ್‌ಎಕ್ಸ್ ಅನ್ನುವ ಉಚಿತ ತಂತ್ರಾಂಶ ಇದೆ, ಆರ್ ಭಾಷೆ ಬಳಸುವವರಿಗೆ ಎಸ್‌ಡಿಸಿಮೈಕ್ರೋ ಇದೆ. ಮೊದಲ ಸಲ ಮಾತ್ರ ಕೈಯಲ್ಲೇ ಮಾಡಿ ನೋಡಿ, ಡೇಟಾ ಒಳಗೇನಿದೆ ಅಂತ ಅರ್ಥವಾಗುವುದು ಹಾಗೆಯೇ.

ಹಂತ 8: ವೈದ್ಯರು ಬರೆದ ಟಿಪ್ಪಣಿಗಳು

ಕೊಡದೆ ಇರಲು ಸಾಧ್ಯವಾದರೆ ಕೊಡಬೇಡಿ. ಯಾಕೆ ಅಂತ ಈ ಕಾಲ್ಪನಿಕ ಡಿಸ್ಚಾರ್ಜ್ ಸಮ್ಮರಿ ಓದಿ:

"48 ವರ್ಷದ ಶಿಕ್ಷಕಿ. ಕಳೆದ ವರ್ಷ ಇವರ ಅಣ್ಣನಿಗೆ ಇದೇ ವಾರ್ಡಿನಲ್ಲಿ ಕಿಡ್ನಿ ಕಸಿ ಆಗಿತ್ತು. ಮಗಳು ನಮ್ಮಲ್ಲೇ ನರ್ಸ್. ಸೇತುವೆ ಕುಸಿದ ದುರಂತದಲ್ಲಿ ಪತಿ ತೀರಿಕೊಂಡ ಮೇಲೆ ನಿದ್ರೆ ಬರುತ್ತಿಲ್ಲ ಎನ್ನುತ್ತಾರೆ."

ಇದರಲ್ಲಿ ಹೆಸರಿಲ್ಲ, ದಿನಾಂಕವಿಲ್ಲ, ಊರಿಲ್ಲ. ಹೆಸರು ಹುಡುಕುವ ಯಾವ ಪ್ರೋಗ್ರಾಂ ಕೂಡ ಇಲ್ಲಿ ಒಂದಕ್ಷರ ಅಳಿಸುವುದಿಲ್ಲ. ಆದರೂ ಆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾರಿಗೇ ತೋರಿಸಿದರೂ ಇವರು ಯಾರು ಅಂತ ಹೇಳಿಬಿಡುತ್ತಾರೆ. ಜತೆಗೆ ಅಣ್ಣನ ಕಾಯಿಲೆ ಕೂಡ ಬಯಲಾಯಿತು, ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಸಂಶೋಧಕರಿಗೆ ಬೇಕಾದದ್ದು ನಿದ್ರಾಹೀನತೆ ಇದೆಯೋ ಇಲ್ಲವೋ ಅನ್ನುವುದಾದರೆ, ನೀವೇ ಓದಿ "ಇದೆ" ಅಂತ ಒಂದು ಕಾಲಂ ಮಾಡಿ ಕೊಡಿ. ಪೂರ್ತಿ ಬರಹವೇ ಬೇಕು ಅಂದರೆ ಹೆಸರು, ಫೋನ್ ನಂಬರ್ ಹುಡುಕಿ ಮರೆಮಾಡುವ ಪ್ರೆಸಿಡಿಯೋದಂಥ ತಂತ್ರಾಂಶ ಓಡಿಸಿ, ಆಮೇಲೆ ಮನುಷ್ಯರು ಓದಲೇಬೇಕು. ಸಿಕ್ಕಿದ ಹೆಸರುಗಳನ್ನು ಕಪ್ಪು ಪಟ್ಟಿ ಹಾಕಿ ಮುಚ್ಚುವ ಬದಲು ಬೇರೆ ಕಾಲ್ಪನಿಕ ಹೆಸರು ಹಾಕುವುದು ಜಾಣತನ. ತಪ್ಪಿ ಉಳಿದುಹೋದ ನಿಜವಾದ ಹೆಸರು ಆಗ ನಕಲಿಗಳ ನಡುವೆ ಬೆರೆತುಹೋಗುತ್ತದೆ. ಇನ್ನೊಂದು ಮಾತು, ಗುರುತು ತೆಗೆದುಕೊಡು ಅಂತ ಟಿಪ್ಪಣಿಯನ್ನು ಸಾರ್ವಜನಿಕ ಎಐ ಚಾಟ್‌ಗೆ ಪೇಸ್ಟ್ ಮಾಡಬೇಡಿ. ಕಾಪಾಡಲು ಹೊರಟ ಡೇಟಾವನ್ನು ನೀವೇ ಹೊರಗೆ ಕಳಿಸಿದಂತಾಗುತ್ತದೆ.

ಹಂತ 9: ಸ್ಕ್ಯಾನ್, ಸ್ಲೈಡ್, ಜೀನ್

ಎಕ್ಸ್‌ರೇ, ಸಿಟಿ, ಎಂಆರ್‌ಐ ಫೈಲ್‌ಗಳು ಡೈಕಾಂ ಅನ್ನುವ ರೂಪದಲ್ಲಿರುತ್ತವೆ. ಚಿತ್ರದ ಹಿಂದೆ ಹೆಸರು, ಹುಟ್ಟಿದ ದಿನ, ವೈದ್ಯರ ಹೆಸರು ಎಲ್ಲ ಬರೆದ ದೊಡ್ಡ ಪಟ್ಟಿಯೇ ಇರುತ್ತದೆ. ಅದನ್ನು ತೆಗೆಯುವ ತಂತ್ರಾಂಶಗಳಿವೆ, ಆದರೆ ಯಂತ್ರ ತಯಾರಿಸಿದ ಕಂಪನಿ ತನಗೆ ಬೇಕಾದ ಹಾಗೆ ಸೇರಿಸಿದ ಖಾಸಗಿ ಟ್ಯಾಗ್‌ಗಳನ್ನು ಕೆಲವು ಹಾಗೇ ಬಿಡುತ್ತವೆ. ಅಲ್ಟ್ರಾಸೌಂಡ್‌ನಲ್ಲಿ ರೋಗಿಯ ಹೆಸರು ಚಿತ್ರದ ಮೇಲೆಯೇ ಅಚ್ಚಾಗಿರುತ್ತದೆ. ಕಣ್ಣಿನಿಂದ ನೋಡಿಯೇ ಅಳಿಸಬೇಕು.

ತಲೆಯ ಸ್ಕ್ಯಾನ್‌ನಿಂದ ಮುಖವನ್ನೇ ಮರಳಿ ಕಟ್ಟಬಹುದು. 2019ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಸಂಶೋಧಕರು 84 ಸ್ವಯಂಸೇವಕರ ಎಂಆರ್‌ಐನಿಂದ ಮುಖ ರೂಪಿಸಿ, ಮುಖ ಗುರುತಿಸುವ ಸಾಮಾನ್ಯ ಸಾಫ್ಟ್‌ವೇರ್‌ಗೆ ಅವರ ಫೋಟೋ ಜತೆ ಕೊಟ್ಟರು. 83% ಜನರನ್ನು ಅದು ಸರಿಯಾಗಿ ಹೊಂದಿಸಿತು. ಹಾಗಾಗಿ ಮಿದುಳಷ್ಟೇ ಬೇಕಿದ್ದರೆ ಪೈಡಿಫೇಸ್‌ನಂಥ ಉಪಕರಣದಿಂದ ಮುಖದ ಭಾಗ ತೆಗೆದು ಕೊಡಿ. ಪೆಥಾಲಜಿಯ ಡಿಜಿಟಲ್ ಸ್ಲೈಡ್‌ನಲ್ಲಿ ಗಾಜಿನ ಮೇಲೆ ಅಂಟಿಸಿದ ಲೇಬಲ್‌ನ ಫೋಟೋ ಕೂಡ ಫೈಲಿನೊಳಗೆ ಕೂತಿರುತ್ತದೆ, ಸ್ಲೈಡ್ ತೆರೆದಾಗ ಅದು ಕಾಣಿಸುವುದೇ ಇಲ್ಲ. ಅದನ್ನೂ ತೆಗೆಯಿರಿ.

ಜೀನ್ ಡೇಟಾವನ್ನು ಪೂರ್ತಿ ಗುರುತಿಲ್ಲದಂತೆ ಮಾಡಲು ಆಗುವುದಿಲ್ಲ, ಅದೇ ಒಂದು ಗುರುತು. ಒಟ್ಟು ಲೆಕ್ಕ ಮಾತ್ರ ಕೊಟ್ಟರೂ ಒಬ್ಬರ ಡಿಎನ್‌ಎ ಆ ಗುಂಪಿನಲ್ಲಿತ್ತೇ ಅಂತ ಹೇಳಬಹುದು ಎಂದು 2008ರಲ್ಲಿ ತಿಳಿದ ಮೇಲೆ, ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಅಂಥ ಒಟ್ಟು ಫಲಿತಾಂಶಗಳನ್ನೂ ಆಗ ಸಾರ್ವಜನಿಕ ಜಾಗದಿಂದ ತೆಗೆದಿತ್ತು. ಜೀನ್ ಡೇಟಾವನ್ನು ಅನುಮತಿ ಇದ್ದವರಿಗೆ, ಕಾವಲಿನೊಳಗೆ ಮಾತ್ರ ತೋರಿಸಿ.

ಹಂತ 10: ಎಲ್ಲಿ ಕೊಡುತ್ತೀರಿ, ಯಾವ ಷರತ್ತಿನ ಮೇಲೆ

ಫೈಲ್ ಕಳಿಸುವುದೊಂದೇ ದಾರಿ ಅಂತ ಅಂದುಕೊಳ್ಳಬೇಡಿ. ಡೇಟಾ ನಿಮ್ಮ ಸರ್ವರ್‌ನಲ್ಲೇ ಇರಲಿ, ಸಂಶೋಧಕರು ಲಾಗಿನ್ ಆಗಿ ಅಲ್ಲೇ ಕೆಲಸ ಮಾಡಲಿ, ಡೌನ್‌ಲೋಡ್ ಬಂದ್. ಇಂಗ್ಲೆಂಡಿನ ಓಪನ್‌ಸೇಫ್ಲಿ ಅನ್ನುವ ಆರೋಗ್ಯ ಡೇಟಾ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದಿದೆ. ಅಲ್ಲಿ ಸಂಶೋಧಕರು ರೋಗಿಗಳ ಸಾಲುಗಳನ್ನು ನೋಡುವುದೇ ಇಲ್ಲ. ನಕಲಿ ಡೇಟಾ ಮೇಲೆ ಪ್ರೋಗ್ರಾಂ ಬರೆದು ಕಳಿಸುತ್ತಾರೆ, ಅದು ನಿಜವಾದ ಡೇಟಾ ಮೇಲೆ ಓಡಿ, ಪರಿಶೀಲನೆಯಾದ ಫಲಿತಾಂಶ ಮಾತ್ರ ಹೊರಗೆ ಬರುತ್ತದೆ. ಅಂಥ ವ್ಯವಸ್ಥೆ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಇಂಟರ್ನೆಟ್ ಇಲ್ಲದ ಒಂದು ಕಂಪ್ಯೂಟರ್, ಬೀಗವಿರುವ ಒಂದು ಕೋಣೆ ಸಾಕು.

ಹೊರಗೆ ಬರುವ ಫಲಿತಾಂಶದ ಮೇಲೂ ಕಣ್ಣಿರಲಿ. ಅಮೆರಿಕದ ಸರ್ಕಾರಿ ವಿಮಾ ಸಂಸ್ಥೆ ಸಿಎಂಎಸ್ 11ಕ್ಕಿಂತ ಕಡಿಮೆ ಜನರಿರುವ ಅಂಕಿಯನ್ನು ಪ್ರಕಟಿಸಲು ಬಿಡುವುದಿಲ್ಲ. ಆ ಅಂಕಿಯನ್ನು ಮುಚ್ಚಿ, ಕೆಳಗೆ ಒಟ್ಟು ಮೊತ್ತ ಹಾಗೇ ಬಿಟ್ಟರೆ ಕಳೆದು ನೋಡಿದರೆ ಸಿಕ್ಕಿಬಿಡುತ್ತದೆ. ಅದಕ್ಕೆ ಇನ್ನೊಂದು ಅಂಕಿಯನ್ನೂ ಮುಚ್ಚಬೇಕು. ತಿಂಗಳು ತಿಂಗಳು ವರದಿ ಕೊಡುವವರು ಇನ್ನೂ ಹುಷಾರಾಗಿರಬೇಕು: ಜೂನ್‌ನಲ್ಲಿ ಕ್ಷಯ ರೋಗಿಗಳು 14, ಜುಲೈನಲ್ಲಿ 15 ಅಂತಿದ್ದು, ಜುಲೈನಲ್ಲಿ ಆ ಕ್ಲಿನಿಕ್‌ಗೆ ಹೊಸದಾಗಿ ಸೇರಿದವರು ಒಬ್ಬರೇ ಆದರೆ ಲೆಕ್ಕ ಬಿಡಿಸಲು ಇನ್ನೇನು ಬೇಕು?

ಇನ್ನು ಒಪ್ಪಂದ. ಗುರುತು ಹಿಡಿಯಲು ಪ್ರಯತ್ನಿಸುವುದಿಲ್ಲ. ಬೇರೆ ಡೇಟಾ ಜತೆ ಜೋಡಿಸುವುದಿಲ್ಲ. ಮೂರನೆಯವರಿಗೆ ಕೊಡುವುದಿಲ್ಲ. ಎಐ ಮಾದರಿ ತರಬೇತಿಗೆ ಬಳಸುವುದಾದರೆ ಮೊದಲೇ ಕೇಳುತ್ತೇವೆ. ಇಂಥ ದಿನಾಂಕಕ್ಕೆ ಅಳಿಸುತ್ತೇವೆ. ಸೋರಿಕೆಯಾದರೆ ಇಷ್ಟು ಗಂಟೆಯೊಳಗೆ ತಿಳಿಸುತ್ತೇವೆ. ತಪ್ಪಿ ಯಾರದ್ದಾದರೂ ಗುರುತು ಸಿಕ್ಕಿದರೆ ಸುಮ್ಮನಿರದೆ ಹೇಳುತ್ತೇವೆ. ಇಷ್ಟೂ ಇರಬೇಕು, ಡೇಟಾ ಮುಟ್ಟುವ ಪ್ರತಿಯೊಬ್ಬರ ಹೆಸರೂ ಇರಬೇಕು. "ಪ್ರೊಫೆಸರ್ ಮತ್ತು ತಂಡ" ಅಂತ ಬರೆದರೆ ಆ ತಂಡಕ್ಕೆ ಮುಂದಿನ ವರ್ಷ ಸೇರುವ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಕೂಡ ಸೇರುತ್ತದೆ.

ಹಂತ 11: ಕಳಿಸುವ ದಿನ

ಎಕ್ಸೆಲ್ ಫೈಲ್ ಕಳಿಸಬೇಡಿ. ಅಡಗಿಸಿದ ಕಾಲಂ, ಅಡಗಿಸಿದ ಶೀಟ್, ಪಿವಟ್ ಟೇಬಲ್ ಒಳಗೆ ಉಳಿದ ಮೂಲ ಡೇಟಾ ಎಲ್ಲ ಜತೆಗೇ ಹೋಗುತ್ತವೆ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಗೆ ಕೊಟ್ಟ ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಅಡಗಿದ್ದ ಒಂದು ಶೀಟ್‌ನಿಂದ 9,000ಕ್ಕೂ ಹೆಚ್ಚು ಸಿಬ್ಬಂದಿಯ ವಿವರ ಬಯಲಾಯಿತು. ಬರೀ ಅಕ್ಷರ ಅಂಕಿಗಳಷ್ಟೇ ಇರುವ ಸಿಎಸ್‌ವಿ ರೂಪಕ್ಕೆ ಬದಲಾಯಿಸಿ, ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕಣ್ಣಾರೆ ನೋಡಿ. ಫೈಲಿನ ಹೆಸರಲ್ಲೂ ರೋಗಿಯ ಹೆಸರು ಇರಬಾರದು.

ಕೊನೆಗೆ ಒಂದು ಸಣ್ಣ ದಾಳಿ ಮಾಡಿಸಿ. ಈ ಕೆಲಸದಲ್ಲಿ ಕೈ ಹಾಕದ ಒಬ್ಬ ಸಹೋದ್ಯೋಗಿಗೆ, ಡೇಟಾ ನೋಡುವ ಅನುಮತಿ ಹೇಗೂ ಇರುವವರಿಗೆ, ಫೈಲ್ ಕೊಟ್ಟು "ಇದರಲ್ಲಿ ನಿಮಗೆ ಯಾರಾದರೂ ಗೊತ್ತಾಗುತ್ತಾರಾ ನೋಡಿ" ಅನ್ನಿ. ವಾರ್ಡಿನ ಹಳೆಯ ನರ್ಸ್‌ಗಿಂತ ಒಳ್ಳೆಯ ಪರೀಕ್ಷಕರು ಇದಕ್ಕಿಲ್ಲ. ಅವರು ಬೆರಳಿಟ್ಟು ತೋರಿಸಿದ ಸಾಲುಗಳನ್ನು ಸರಿಪಡಿಸಿ ಮತ್ತೆ ಎಣಿಸಿ.

ಫೈಲ್ ಎನ್‌ಕ್ರಿಪ್ಟ್ ಮಾಡಿ, ಎಸ್‌ಎಫ್‌ಟಿಪಿಯಂಥ ಸುರಕ್ಷಿತ ದಾರಿಯಲ್ಲಿ ಕಳಿಸಿ. ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬೇಡ, ಫೋನ್ ಮಾಡಿ ಹೇಳಿ. ವಾಟ್ಸಾಪ್ ಬೇಡ, ಪೆನ್‌ಡ್ರೈವ್ ಬೇಡ. ಯಾವ ಫೈಲ್, ಯಾರಿಗೆ, ಯಾವತ್ತು, ಎಷ್ಟು ಸಾಲು, ಯಾವ ಕಾಲಂ, ಕೆ ಎಷ್ಟು ಅನ್ನುವುದನ್ನು ಒಂದು ರಿಜಿಸ್ಟರ್‌ನಲ್ಲಿ ಬರೆದಿಡಿ.

ಹಂತ 12: ಕಳಿಸಿದ ಮೇಲೆ

ಆ ರಿಜಿಸ್ಟರ್ ಬೇಕಾಗುವುದು ಎರಡನೆಯ ಮನವಿ ಬಂದಾಗ. "ಆಗ ಕೊಟ್ಟ ಡೇಟಾಗೆ ಉದ್ಯೋಗದ ಕಾಲಂ ಒಂದು ಸೇರಿಸಿ ಕೊಡಿ" ಅನ್ನುತ್ತಾರೆ. ಒಂದೇ ಕಾಲಂ ತಾನೇ ಅಂತ ಸೇರಿಸಬೇಡಿ. ಹೊಸ ಕಾಲಂ ಸೇರಿದರೆ ಗುಂಪುಗಳು ಒಡೆಯುತ್ತವೆ, 13 ಇದ್ದದ್ದು ಮತ್ತೆ 1 ಆಗುತ್ತದೆ. ಹಂತ 7ರಿಂದ ಪುನಃ ಶುರು ಮಾಡಿ.

ರೋಗಿಯೊಬ್ಬರು ಒಪ್ಪಿಗೆ ವಾಪಸ್ ಪಡೆದರೆ ಜೋಡಿ ಪಟ್ಟಿಯಲ್ಲಿ ಅವರ ಬದಲಿ ಸಂಖ್ಯೆ ಹುಡುಕಿ, ಆ ಸಂಖ್ಯೆಯ ಸಾಲುಗಳನ್ನು ಅಳಿಸಿ ಅಂತ ಸಂಶೋಧಕರಿಗೆ ಬರೆಯಿರಿ. ಹೆಸರು ಬರೆಯಬೇಡಿ, ಸಂಖ್ಯೆ ಮಾತ್ರ. ಸೋರಿಕೆಯ ಸುದ್ದಿ ಬಂದರೆ ಮೊದಲು ಲಾಗಿನ್ ನಿಲ್ಲಿಸಿ, ಆಮೇಲೆ ಡೇಟಾ ಸುರಕ್ಷತೆ ನೋಡಿಕೊಳ್ಳುವವರಿಗೂ ಎಥಿಕ್ಸ್ ಕಮಿಟಿಗೂ ತಿಳಿಸಿ. ಜಿಡಿಪಿಆರ್ ಇರುವ ಕಡೆ ನಿಯಂತ್ರಕರಿಗೆ ತಿಳಿಸಲು 72 ಗಂಟೆ ಸಮಯ.

ಅಳಿಸುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಕೊಳ್ಳಿ, ಒಂದು ತಿಂಗಳು ಮುಂಚೆ ನೆನಪಿಸುವ ಹಾಗೆ. ಅವತ್ತು ಸಂಶೋಧಕರಿಂದ ಅಳಿಸಿದ್ದೇವೆ ಅನ್ನುವ ಪತ್ರ ತರಿಸಿಕೊಳ್ಳಿ, ಬ್ಯಾಕಪ್ ಪ್ರತಿಗಳೂ ಸೇರಿದಂತೆ ಅಂತ ಅದರಲ್ಲಿ ಬರೆದಿರಬೇಕು. ಇನ್ನೂ ಆರು ತಿಂಗಳು ಬೇಕು ಅಂದರೆ ಕೊಡಬಹುದು, ಆದರೆ ಫೋನಿನಲ್ಲಿ ಹೂಂ ಅನ್ನಬೇಡಿ. ಹೊಸ ದಿನಾಂಕ ಹಾಕಿ, ಈಗ ತಂಡದಲ್ಲಿರುವವರ ಹೆಸರು ಹಾಕಿ, ಮತ್ತೊಂದು ಸಹಿ ಮಾಡಿಸಿ.